ಪತ್ರ ನಿಮ್ಮ ಹೆಸರಿನಲ್ಲಿದೆ, ಹಕ್ಕು ಯಾರದ್ದು?

(ಜುಮಾ ಪ್ರವಚನದ ಸಂಗ್ರಹ)



ನಮ್ಮ ಊರುಗಳಲ್ಲಿ ಒಂದು ಒಳ್ಳೆಯ ರೂಢಿ ಇದೆ. ಮಯ್ಯಿತ್ ನಮಾಝಿಗೆ ಸಫ್ ನಿಂತ ಮೇಲೆ, ಇಮಾಮರು ತಕ್‌ಬೀರ್ ಹೇಳುವ ಮೊದಲು, ಮೃತರ ಮಗ ಮುಂದೆ ಬಂದು ನಿಲ್ಲುತ್ತಾನೆ. ನನ್ನ ತಂದೆಯಿಂದ ಯಾರಿಗಾದರೂ ಏನಾದರೂ ಬರಬೇಕಿದ್ದರೆ ನನ್ನ ಬಳಿ ಕೇಳಿ, ನಾನು ಕೊಡುತ್ತೇನೆ, ಅವರ ಮಾತಿನಿಂದ ನೋವಾಗಿದ್ದರೆ ಅಲ್ಲಾಹನಿಗಾಗಿ ಕ್ಷಮಿಸಿ ಎನ್ನುತ್ತಾನೆ. ಸಾಲ ಉಳಿಸಿ ಹೋದ ಒಬ್ಬರ ಜನಾಝ ಬಂದಾಗ ಪ್ರವಾದಿ(ಸ)ರು ತಾವು ನಮಾಝ್ ನಿರ್ವಹಿಸದೆ ಹಿಂದೆ ಸರಿದಿದ್ದರು. ಅಬೂ ಖತಾದ(ರ)ರು ಆ ಸಾಲದ ಹೊಣೆ ಹೊತ್ತ ಮೇಲೆಯೇ ಮುಂದೆ ಬಂದರು. ನಮ್ಮ ಮಕ್ಕಳು ಹೇಳುವ ಆ ನಾಲ್ಕು ಮಾತಿನ ಹಿಂದೆ ಇರುವುದು ಇದೇ ಭಯ.

ಆದರೆ ಈಚೆಗೆ ಆ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಒಂದು ಯೋಚನೆ ಬರುತ್ತದೆ. ಮಗ ಇಲ್ಲಿ ನಿಂತು ಹೇಳುತ್ತಿದ್ದಾನೆ. ಆ ತಂದೆಯಿಂದ ನಿಜವಾಗಿ ಬರಬೇಕಾದವರು ಈ ಸಫ್‌ನಲ್ಲಿ ಇಲ್ಲ. ಅವರು ಮನೆಯ ಒಳಕೋಣೆಯಲ್ಲಿ ಉಮ್ಮನ ಪಕ್ಕ ಕುಳಿತು ಅಳುತ್ತಿದ್ದಾರೆ. ಅವನ ಅಕ್ಕ, ಅವನ ತಂಗಿ. ಅವರಿಗೆ ಈ ಮಾತು ಕೇಳಿಸುವುದೇ ಇಲ್ಲ.

ಇಂದು ಒಂದು ಘಟನೆ ಹೇಳುತ್ತೇನೆ. ನಾನು ಹಿಂದೆ ಖತೀಬನಾಗಿದ್ದ ಒಂದು ಊರಿನದ್ದು. ಹೆಸರು ಬೇಡ. ಅವರಲ್ಲಿ ಕೇಳಿಯೇ ಹೇಳುತ್ತಿದ್ದೇನೆ.

ಒಬ್ಬರು ಹಿರಿಯರಿದ್ದರು. ಪತ್ನಿ, ಇಬ್ಬರು ಗಂಡುಮಕ್ಕಳು, ಮೂವರು ಹೆಣ್ಣುಮಕ್ಕಳು. ಆಸ್ತಿ ಎಂದರೆ 40 ಸೆಂಟ್ಸ್ ಜಾಗ, ಅದರಲ್ಲೊಂದು ಹಂಚಿನ ಮನೆ, ಸುತ್ತ ತೆಂಗು. ಕಿರಿಯ ಮಗ ಗಲ್ಫ್‌ನಲ್ಲಿ. ಹೆಣ್ಣುಮಕ್ಕಳು ಮದುವೆಯಾಗಿ ಹೋದವರು. ಹಿರಿಯ ಮಗ ಮನೆಯಲ್ಲೇ ಇದ್ದು ತಂದೆ ತಾಯಿಯನ್ನು ನೋಡಿಕೊಂಡ. ಅದರಲ್ಲಿ ಸುಳ್ಳಿಲ್ಲ. ಎರಡು ವರ್ಷ ತಂದೆಯನ್ನು ಎತ್ತಿ ಕೂರಿಸಿ, ಸ್ನಾನ ಮಾಡಿಸಿ, ಆಸ್ಪತ್ರೆಗೆ ಸುತ್ತಿದವನು ಅವನೇ. ಒಂದು ದಿನ ಅವನು ತಂದೆಯನ್ನು ಕಾರಿನಲ್ಲಿ ಕೂರಿಸಿ ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದುಕೊಂಡು ಹೋದ. 40 ಸೆಂಟ್ಸೂ ಅವನ ಹೆಸರಿಗೆ ದಾನಪತ್ರವಾಯಿತು. ನಾವು ಹಿಬಾ ಎನ್ನುತ್ತೇವಲ್ಲ, ಅದು. ಪತ್ರಕ್ಕೆ ಇಬ್ಬರು ಸಾಕ್ಷಿಗಳು.

ಆ ಇಬ್ಬರಲ್ಲಿ ಒಬ್ಬ ನಾನು.

ಬಾಪ ಒಪ್ಪಿದ್ದಾರೆ ಉಸ್ತಾದ್, ನಿಮ್ಮದೊಂದು ಸಹಿ ಇದ್ದರೆ ಬರ್ಕತ್ ಎಂದ. ನನಗೂ ಗೌರವ ಕೊಟ್ಟಂತಾಯಿತು. ಉಳಿದ ನಾಲ್ವರಿಗೆ ಗೊತ್ತಿದೆಯೇ ಎಂಬ ಒಂದು ಪ್ರಶ್ನೆಯನ್ನು ನಾನು ಕೇಳಲಿಲ್ಲ. ಆ ಹಿರಿಯರ ಮುಖ ನೋಡಿ, ನಿಮ್ಮ ಮನಸ್ಸಿನಿಂದಲೇ ಕೊಡುತ್ತಿದ್ದೀರಾ ಎಂದೂ ಕೇಳಲಿಲ್ಲ. ಸಹಿ ಹಾಕಿ ಚಹಾ ಕುಡಿದು ಬಂದೆ.

ಎಂಟು ತಿಂಗಳ ನಂತರ ಅವರು ತೀರಿಕೊಂಡರು. ಹಿರಿಯ ಮಗ ಜನಾಝದ ಮುಂದೆ ನಿಂತು, ಯಾರಿಗಾದರೂ ಏನಾದರೂ ಬರಬೇಕಿದ್ದರೆ ಎಂದು ಹೇಳಿದ. ನಮಾಝ್ ನಿರ್ವಹಿಸಿದ್ದು ನಾನೇ. ಒಂದು ವರ್ಷ ಕಳೆದ ಮೇಲೆ ಎರಡನೆಯ ಮಗಳಿಗೆ ಕಷ್ಟ ಬಂತು, ತನ್ನ ಪಾಲು ಕೇಳಿದಳು. ಅಣ್ಣ ಕಪಾಟಿನಿಂದ ಒಂದು ಜೆರಾಕ್ಸ್ ತೆಗೆದು ಮೇಜಿನ ಮೇಲಿಟ್ಟ. ಆರ್‌ಟಿಸಿ ಆಗಲೇ ಅವನ ಹೆಸರಿಗೆ ಆಗಿತ್ತು. ಆ ಹುಡುಗಿ ಪತ್ರದ ಕೊನೆಯ ಪುಟ ನೋಡಿ ಆ ರಾತ್ರಿಯೇ ನನಗೆ ಫೋನ್ ಮಾಡಿದಳು. ಉಸ್ತಾದ್, ನಾವು ಮೂವರೂ ನಿಮ್ಮ ಮದ್ರಸದಲ್ಲಿ ಕಲಿತವರು, ನಾವಿದ್ದೇವೆ ಎಂದು ನಿಮಗೆ ಗೊತ್ತಿರಲಿಲ್ಲವಾ ಎಂದು ಕೇಳಿದಳು. ಅಷ್ಟೇ ಕೇಳಿದ್ದು.

ಸಹೋದರರೇ, ನಾನು ಅದೇ ಮದ್ರಸದಲ್ಲಿ ನುಅಮಾನ್ ಬಿನ್ ಬಶೀರ್(ರ)ರ ಹದೀಸ್ ಪಾಠ ಮಾಡಿದವನು. ನಿಮಗೂ ಗೊತ್ತಿದೆ. ಬಶೀರ್(ರ)ರು ತಮ್ಮ ಮಗ ನುಅಮಾನ್‌ಗೆ ಒಂದು ಕೊಡುಗೆ ಕೊಟ್ಟರು. ಪ್ರವಾದಿ(ಸ)ರನ್ನು ಸಾಕ್ಷಿ ಮಾಡದ ಹೊರತು ನನಗೆ ಒಪ್ಪಿಗೆಯಿಲ್ಲ ಎಂದು ಹುಡುಗನ ತಾಯಿ ಅಮ್ರಾ ಬಿಂತ್ ರವಾಹ(ರ) ಹಠ ಹಿಡಿದರು. ಬಶೀರ್ ಹೋದರು. ನಿನ್ನ ಎಲ್ಲ ಮಕ್ಕಳಿಗೂ ಹೀಗೆಯೇ ಕೊಟ್ಟಿದ್ದೀಯಾ ಎಂಬುದು ಪ್ರವಾದಿ(ಸ)ರ ಮೊದಲ ಪ್ರಶ್ನೆ. ಇಲ್ಲ ಎಂದಾಗ, ಅಲ್ಲಾಹನನ್ನು ಭಯಪಡಲು, ಮಕ್ಕಳ ನಡುವೆ ನ್ಯಾಯ ಪಾಲಿಸಲು ಹೇಳಿದರು. ಅನ್ಯಾಯಕ್ಕೆ ತಾವು ಸಾಕ್ಷಿಯಾಗುವುದಿಲ್ಲ ಎಂದರು. ಬಶೀರ್ ಮನೆಗೆ ಬಂದು ಆ ಕೊಡುಗೆಯನ್ನು ಹಿಂದಕ್ಕೆ ಪಡೆದರು. ಈ ಹದೀಸನ್ನು ನಮಗೆ ತಲುಪಿಸಿದವರು ಯಾರು? ಕೊಡುಗೆ ಕಳೆದುಕೊಂಡ ನುಅಮಾನ್(ರ)ರೇ. ದೊಡ್ಡವರಾದ ಮೇಲೆ ಮಿಂಬರಿನ ಮೇಲೆ ನಿಂತು, ನನ್ನ ಕೈಯಿಂದ ಹೋದ ಕೊಡುಗೆಯ ಕಥೆ ಇದು ಎಂದು ಜನರಿಗೆ ಹೇಳಿದರು. ಪ್ರವಾದಿ(ಸ)ರು ಕೇಳಿದ್ದು ಒಂದೇ ಪ್ರಶ್ನೆ. ನಾನು ಕೇಳದೆ ಬಿಟ್ಟದ್ದೂ ಅದೇ ಪ್ರಶ್ನೆ.

ಮಕ್ಕಳಿಗೆ ಕೊಡುಗೆಯಲ್ಲಿ ಸಮಾನತೆ ಕಡ್ಡಾಯವೋ, ಅಲ್ಲವೋ ಎಂಬುದರಲ್ಲಿ ಇಮಾಮರ ನಡುವೆ ಭಿನ್ನಾಭಿಪ್ರಾಯವಿದೆ. ನಮ್ಮ ಶಾಫಿಈ ಮದ್‌ಹಬ್‌ನಲ್ಲಿ, ಹನಫಿಗಳಲ್ಲಿಯೂ, ಒಬ್ಬನಿಗೆ ಹೆಚ್ಚು ಕೊಟ್ಟರೆ ಹಿಬಾ ಊರ್ಜಿತವಾಗುತ್ತದೆ, ಆದರೆ ಅದು ಮಕ್ರೂಹ್. ಹಂಬಲಿಗಳಲ್ಲಿ ಸಮಾನತೆ ಕಡ್ಡಾಯ. ಕೆಲವರು ಈ ಭಿನ್ನಾಭಿಪ್ರಾಯವನ್ನು ಕೈಯಲ್ಲಿ ಹಿಡಿದು ಬರುತ್ತಾರೆ, ಊರ್ಜಿತ ಅಂತ ನೀವೇ ಹೇಳಿದಿರಲ್ಲ ಉಸ್ತಾದ್ ಎಂದು. ಪ್ರವಾದಿ(ಸ)ರು ಸಾಕ್ಷಿಯಾಗಲು ಒಲ್ಲೆ ಎಂದ ಕೆಲಸಕ್ಕೆ, ಊರ್ಜಿತ ಎಂಬ ಒಂದು ಪದದ ಆಸರೆ ಸಾಕೇ?

ಇನ್ನು ಹಿಬಾ ಊರ್ಜಿತವಾಗಲು ಏನು ಬೇಕು ಎಂಬುದನ್ನಾದರೂ ಸರಿಯಾಗಿ ತಿಳಿದಿದ್ದೇವೆಯೇ? ಮೂರು ಬೇಕು. ಕೊಡುವವನು ಕೊಟ್ಟೆ ಎಂದು ಸ್ಪಷ್ಟವಾಗಿ ಹೇಳಬೇಕು, ಪಡೆಯುವವನು ಒಪ್ಪಬೇಕು, ಸೊತ್ತು ಅವನ ವಶಕ್ಕೆ ಹೋಗಬೇಕು. ಈ ಮೂರನೆಯದು, ಖಬ್‌ಝ್, ವಶ, ಇದರಲ್ಲೇ ನಮ್ಮ ಅರ್ಧ ಜಗಳಗಳಿವೆ.

ಅಬೂಬಕರ್ ಸಿದ್ದೀಕ್(ರ)ರ ಕೊನೆಯ ದಿನಗಳ ಒಂದು ಘಟನೆ ಇಮಾಮ್ ಮಾಲಿಕ್‌ರ ಮುವತ್ತಾದಲ್ಲಿದೆ. ಅವರು ಮಗಳು ಆಇಶಾ(ರ)ರಿಗೆ ಗಾಬಾ ಎಂಬಲ್ಲಿನ ತಮ್ಮ ಸೊತ್ತಿನಿಂದ 20 ವಸಕ್ ಖರ್ಜೂರ ಕೊಟ್ಟಿದ್ದರು. ಮರಣ ಸಮೀಪಿಸಿದಾಗ ಮಗಳನ್ನು ಕರೆದರು. ನನ್ನ ನಂತರ ನೀನು ಸುಖವಾಗಿರುವುದಕ್ಕಿಂತ ಪ್ರಿಯವಾದದ್ದು ನನಗಿಲ್ಲ, ನೀನು ಕಷ್ಟಪಡುವುದಕ್ಕಿಂತ ನೋವಿನದ್ದೂ ಇಲ್ಲ ಎಂಬರ್ಥದ ಮಾತು ಹೇಳಿದರು. ಆಮೇಲೆ ಹೇಳಿದ್ದು ಇದು: ಅಂದೇ ನೀನು ಆ ಖರ್ಜೂರವನ್ನು ಕಿತ್ತು ವಶಕ್ಕೆ ತೆಗೆದುಕೊಂಡಿದ್ದರೆ ನಿನ್ನದಾಗುತ್ತಿತ್ತು, ಈಗ ಅದು ವಾರಸುದಾರರ ಸೊತ್ತು. ನಿನ್ನ ಇಬ್ಬರು ಸಹೋದರರು, ಇಬ್ಬರು ಸಹೋದರಿಯರು ಇದ್ದಾರೆ, ಅಲ್ಲಾಹನ ಗ್ರಂಥದ ಪ್ರಕಾರ ಹಂಚಿಕೊಳ್ಳಿ. ಆಇಶಾ(ರ) ಇನ್ನೆಷ್ಟು ದೊಡ್ಡ ಕೊಡುಗೆಯಾಗಿದ್ದರೂ ಬಿಟ್ಟುಬಿಡುತ್ತಿದ್ದೆ ಎಂದರು. ಆದರೆ ಸಹೋದರಿ ಅಸ್ಮಾ ಒಬ್ಬಳೇ ತಾನೇ, ಎರಡನೆಯವಳು ಯಾರು ಎಂದು ಕೇಳಿದರು. ಪತ್ನಿಯ ಗರ್ಭದಲ್ಲಿರುವ ಮಗು, ಅದು ಹೆಣ್ಣೆಂದು ನನಗನಿಸುತ್ತದೆ ಎಂದರು ಅಬೂಬಕರ್(ರ).

ನೋಡಿ. ಇನ್ನೂ ಹುಟ್ಟದ ಹೆಣ್ಣುಮಗುವಿನ ಪಾಲನ್ನು ಆ ತಂದೆ ಮರಣಶಯ್ಯೆಯಲ್ಲಿ ಎಣಿಸಿದರು. ನಾವು ಮದುವೆ ಮಾಡಿಕೊಟ್ಟ, ಮೊಮ್ಮಕ್ಕಳನ್ನು ಕಂಡ ಹೆಣ್ಣುಮಕ್ಕಳನ್ನು ಎಣಿಕೆಯಿಂದ ಬಿಡುತ್ತೇವೆ.

ನಮ್ಮ ದೇಶದ ನ್ಯಾಯಾಲಯಗಳೂ ಮುಸ್ಲಿಮರ ಹಿಬಾವನ್ನು ಇದೇ ಮೂರು ಷರತ್ತುಗಳಿಂದ ಅಳೆಯುತ್ತವೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 129ನೇ ಕಲಂ ಇದಕ್ಕೆ ವಿನಾಯಿತಿ ಕೊಟ್ಟಿದೆ. ಮೂರೂ ಷರತ್ತು ಪೂರೈಸಿದ್ದರೆ ಬಾಯಿಮಾತಿನ ಹಿಬಾ ಕೂಡ ನಡೆಯುತ್ತದೆ, ಬರೆದಿಟ್ಟದ್ದಕ್ಕೆ ನೋಂದಣಿ ಕಡ್ಡಾಯವಲ್ಲ ಎಂದು 2011ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಇದರ ಇನ್ನೊಂದು ಮುಖವನ್ನು ಜನ ಮರೆಯುತ್ತಾರೆ. ನೋಂದಣಿಯಾಗಿದ್ದರೂ ವಶ ಕೊಡದಿದ್ದರೆ ಆ ಹಿಬಾ ನಿಲ್ಲುವುದಿಲ್ಲ. ಆರ್‌ಟಿಸಿಯಲ್ಲಿ, ಖಾತೆಯಲ್ಲಿ ಹೆಸರು ಬಂತು ಎಂಬ ಮಾತ್ರಕ್ಕೆ ಒಡೆತನ ಹುಟ್ಟುವುದಿಲ್ಲ, ಅದು ಕಂದಾಯ ಯಾರು ಕಟ್ಟಬೇಕು ಎಂಬುದರ ದಾಖಲೆ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಫೋಟೋ ತೆಗೆಯುತ್ತಾರೆ, ಹೆಬ್ಬೆಟ್ಟು ಒತ್ತಿಸುತ್ತಾರೆ. ಮನೆಯಲ್ಲಿ ಎಷ್ಟು ಜನ ಹೆಣ್ಣುಮಕ್ಕಳಿದ್ದಾರೆ, ಅವರಿಗೆ ನ್ಯಾಯವಾಯಿತೇ ಎಂದು ವಿಚಾರಿಸುವುದು ಅವರ ಕೆಲಸವಲ್ಲ.

ನಾನು ಹೇಳಿದ ಮನೆಯಲ್ಲಿ ಏನಾಗಿತ್ತು? ಪತ್ರವಾದ ಮೇಲೂ ಕೊನೆಯ ತನಕ ತೆಂಗಿನಕಾಯಿ ಮಾರಿದವರು ಆ ಹಿರಿಯರೇ. ಆ ಹಣ ಉಮ್ಮನ ಕೈಗೆ ಬರುತ್ತಿತ್ತು. ಹಾಗಾದರೆ ವಶ ಯಾರದ್ದು? ತಂಗಿಯರು ಒಬ್ಬ ವಕೀಲರನ್ನು ಕೇಳಿದರು, ಅಣ್ಣ ಇನ್ನೊಬ್ಬರನ್ನು ಕೇಳಿದ. ಇಬ್ಬರು ವಕೀಲರು, ಎರಡು ಉತ್ತರ. ತಂದೆ ಮಗ ಒಂದೇ ಸೂರಿನಡಿ ಇದ್ದರೆ ವಶದ ಪ್ರಶ್ನೆ ಅಷ್ಟು ಸರಳವಲ್ಲ. ದಾವೆ ಹೂಡಿದರೆ ಈ ಮಕ್ಕಳ ಮಕ್ಕಳ ಕಾಲಕ್ಕೆ ತೀರ್ಪು ಬಂದೀತು.

ಮರಣರೋಗದಲ್ಲಿ ಮಾಡಿದ ಪತ್ರಗಳ ಬಗ್ಗೆಯೂ ಒಂದು ಮಾತು. ಇನ್ನು ಉಳಿಯುವುದಿಲ್ಲ ಎಂಬ ಕಾಯಿಲೆಯಲ್ಲಿ ಮಲಗಿದವನು ಕೊಟ್ಟು, ಅದೇ ಕಾಯಿಲೆಯಲ್ಲಿ ತೀರಿಕೊಂಡರೆ, ಆ ಕೊಡುಗೆಗೆ ವಸಿಯತ್ತಿನ ಹುಕುಮ್. ವಾರಸುದಾರನಿಗೆ ವಸಿಯತ್ತಿಲ್ಲ, ಉಳಿದ ವಾರಸುದಾರರು ಒಪ್ಪಿದರೆ ಮಾತ್ರ. ಐಸಿಯುನಲ್ಲಿ ಹೆಬ್ಬೆಟ್ಟು ಒತ್ತಿಸಿಕೊಂಡವರು ಇದನ್ನು ಮನೆಗೆ ಹೋಗಿ ಯೋಚಿಸಿ.

ಈಗ ಪಾಲಿನ ವಿಷಯ. ಉಹುದ್ ಯುದ್ಧದಲ್ಲಿ ಹುತಾತ್ಮರಾದ ಸಅದ್ ಬಿನ್ ರಬೀಅ್(ರ)ರಿಗೆ ಇಬ್ಬರು ಹೆಣ್ಣುಮಕ್ಕಳು. ಸೊತ್ತನ್ನೆಲ್ಲ ಅವರ ಸಹೋದರ ತೆಗೆದುಕೊಂಡರು. ಆಗಿನ ರೂಢಿಯಂತೆ ಅದು ತಪ್ಪೂ ಆಗಿರಲಿಲ್ಲ. ಸಅದ್‌ರ ಪತ್ನಿ ಆ ಎರಡು ಮಕ್ಕಳನ್ನು ಕರೆದುಕೊಂಡು ಪ್ರವಾದಿ(ಸ)ರ ಬಳಿ ಬಂದರು, ಕೈಯಲ್ಲಿ ಏನೂ ಇಲ್ಲದೆ ಇವರ ಮದುವೆ ಹೇಗೆ ಎಂದು ಕೇಳಿದರು. ಅಲ್ಲಾಹನು ತೀರ್ಮಾನಿಸುತ್ತಾನೆ ಎಂದರು ಪ್ರವಾದಿ(ಸ)ರು. ಸೂರಃ ಅನ್ನಿಸಾದ ಉತ್ತರಾಧಿಕಾರದ ವಚನ ಅವತೀರ್ಣವಾಯಿತು. ಪ್ರವಾದಿ(ಸ)ರು ಆ ಚಿಕ್ಕಪ್ಪನನ್ನು ಕರೆಸಿ, ಮೂರರಲ್ಲಿ ಎರಡು ಪಾಲು ಹೆಣ್ಣುಮಕ್ಕಳಿಗೆ, ಎಂಟರಲ್ಲೊಂದು ಪಾಲು ತಾಯಿಗೆ, ಉಳಿದದ್ದು ನಿನಗೆ ಎಂದರು. ಕೈಗೆ ಬಂದಾಗಿದ್ದ ಸೊತ್ತು ಹಿಂದಕ್ಕೆ ಹೋಯಿತು.

ನಮ್ಮ ಆ 40 ಸೆಂಟ್ಸಿಗೆ ಲೆಕ್ಕ ಹಾಕಿ. ಮೊದಲು ಅಂತ್ಯಸಂಸ್ಕಾರದ ಖರ್ಚು, ಸಾಲ, ಪತ್ನಿಗೆ ಕೊಡದೆ ಉಳಿದ ಮಹರ್ ಇದ್ದರೆ ಅದೂ ಸಾಲವೇ, ಆಮೇಲೆ ವಸಿಯತ್. ಇವು ಯಾವುವೂ ಇಲ್ಲವೆಂದಿಟ್ಟುಕೊಳ್ಳಿ. ಎಂಟು ಪಾಲು ಮಾಡಿ. ಒಂದು ಪಾಲು ಉಮ್ಮನಿಗೆ, 5 ಸೆಂಟ್ಸ್. ಗಂಡುಮಕ್ಕಳಿಗೆ ಎರಡೆರಡು ಪಾಲು, 10 ಸೆಂಟ್ಸ್ ತಲಾ. ಹೆಣ್ಣುಮಕ್ಕಳಿಗೆ ಒಂದೊಂದು, 5 ಸೆಂಟ್ಸ್ ತಲಾ. ಎಷ್ಟು ನೇರವಾದ ಲೆಕ್ಕ! ಉಮ್ಮನ ಪಾಲನ್ನು ನಾವು ಎಣಿಸುವುದೇ ಇಲ್ಲ, ಮಕ್ಕಳ ಜಗಳದ ನಡುವೆ ಆ ತಾಯಿಗೂ 5 ಸೆಂಟ್ಸ್ ಇದೆ ಎಂಬುದು ಯಾರ ನೆನಪಿಗೂ ಬರುವುದಿಲ್ಲ. ಈ ಪಾಲುಗಳನ್ನು ಹೇಳಿ ಮುಗಿಸಿದ ಕೂಡಲೇ, ಇವು ಅಲ್ಲಾಹನ ಮೇರೆಗಳು, ಇವನ್ನು ಮೀರಿದವನಿಗೆ ನರಕ ಎಂಬ ಎಚ್ಚರಿಕೆ 13 ಮತ್ತು 14ನೇ ವಚನಗಳಲ್ಲಿದೆ. ನಮಾಝ್ ಬಿಟ್ಟರೆ ನಡುಗುವ ನಾವು ಇದನ್ನು ಓದುವಾಗ ನಡುಗುವುದಿಲ್ಲ.

ತಂಗಿಯರಿಗೆ ಮದುವೆಗೆ ಬಂಗಾರ ಕೊಟ್ಟಿದ್ದೇವೆ, ಇನ್ನೇನು ಪಾಲು ಎನ್ನುವವರಿದ್ದಾರೆ. ಬಂಗಾರ ಕೊಟ್ಟವರು ತಂದೆ, ಬದುಕಿದ್ದಾಗ, ತಮ್ಮ ಸೊತ್ತಿನಿಂದ. ಮೀರಾಸ್ ಹುಟ್ಟುವುದು ಅವರ ಮರಣದ ಕ್ಷಣದಲ್ಲಿ. ಹುಟ್ಟದ ಹಕ್ಕನ್ನು ಹಿಂದೆಯೇ ತೀರಿಸಿದೆವು ಎನ್ನಲು ಬರುವುದಿಲ್ಲ. ಇನ್ನು ಕೆಲವರು, ತಂಗಿ ತಾನೇ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದ್ದಾಳೆ ಎನ್ನುತ್ತಾರೆ. ಹೇಗೆ ಹಾಕಿದಳು? ಊಟಕ್ಕೆ ಕರೆದಿರಿ, ಬಿರಿಯಾನಿ ಬಡಿಸಿದಿರಿ, ಕಾರು ಬಾಗಿಲಲ್ಲಿ ನಿಂತಿತ್ತು, ಸಹಿ ಹಾಕದಿದ್ದರೆ ತವರಿನ ಬಾಗಿಲು ಮುಚ್ಚುತ್ತದೆ ಎಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಮನಃಪೂರ್ವಕ ಒಪ್ಪಿಗೆಯಿಲ್ಲದೆ ಒಬ್ಬ ಮುಸ್ಲಿಮನ ಸೊತ್ತು ಇನ್ನೊಬ್ಬನಿಗೆ ಹಲಾಲ್ ಅಲ್ಲ ಎಂದು ಪ್ರವಾದಿ(ಸ)ರು ಹೇಳಿದ್ದಾರೆ. ನಾಚಿಕೆಯಿಂದ ಕೊಟ್ಟದ್ದು ಮನಃಪೂರ್ವಕವಲ್ಲ. ಮೊದಲು ಅವಳ ಪಾಲನ್ನು ಅವಳ ಕೈಗೆ ಕೊಡಿ. ಅವಳ ಹೆಸರಿಗೆ ಮಾಡಿ, ಕೀಲಿಕೈ ಕೊಡಿ. ಒಂದು ವರ್ಷ ಬಿಟ್ಟು ಅವಳಾಗಿಯೇ ಅಣ್ಣನಿಗಿರಲಿ ಎಂದರೆ ಅದು ಕೊಡುಗೆ, ಧಾರಾಳವಾಗಿ ತೆಗೆದುಕೊಳ್ಳಿ.

ನೋಡಿಕೊಂಡ ಮಗನ ಮಾತನ್ನೂ ಕೇಳಬೇಕು. ನಾನು ಆ ಹಿರಿಯ ಮಗನ ಬಳಿ ಹೋದೆ. ಬಾಪನ ಮಲಮೂತ್ರ ತೆಗೆದದ್ದು ನಾನು ಉಸ್ತಾದ್, ಆಗ ಈ ಪಾಲುದಾರರೆಲ್ಲ ಎಲ್ಲಿದ್ದರು ಎಂದ. ಒಂದು ಕ್ಷಣ ನನಗೆ ಉತ್ತರ ಹೊಳೆಯಲಿಲ್ಲ. ಅವನ ಸೇವೆಗೆ ಬೆಲೆ ಇದೆ, ಅಲ್ಲಾಹನಲ್ಲಿಯೂ ಇದೆ, ಇಲ್ಲಿಯೂ ಇರಬೇಕು. ಸಕಾರಣವಿದ್ದರೆ, ಒಬ್ಬ ಮಗ ಅಂಗವಿಕಲ, ಒಬ್ಬ ದುಡಿಮೆ ಬಿಟ್ಟು ಸೇವೆಗೆ ನಿಂತ, ಅಂಥವನಿಗೆ ತಂದೆ ಹೆಚ್ಚು ಕೊಡಬಹುದು ಎಂದು ವಿದ್ವಾಂಸರು ಹೇಳಿದ್ದಾರೆ. ಹಾಗಿದ್ದರೆ ಆ ತಂದೆ ಐದೂ ಮಕ್ಕಳನ್ನು ಕೂರಿಸಿ, ಇವನು ನನ್ನನ್ನು ನೋಡಿಕೊಂಡಿದ್ದಾನೆ, ಇಷ್ಟು ಸೆಂಟ್ಸ್ ಇವನಿಗೆ ಹೆಚ್ಚು ಕೊಡುತ್ತೇನೆ ಎಂದು ಬಾಯಿಬಿಟ್ಟು ಹೇಳಬೇಕಿತ್ತು. ಹೇಳಲು ನಾಚಿಕೆಯಾಗುವ ಕೊಡುಗೆಯಲ್ಲಿ ಏನೋ ಕೊರತೆ ಇದೆ ಎಂದೇ ತಿಳಿಯಿರಿ. ಗಲ್ಫ್‌ನ ಮಗನದ್ದೂ ಇದೇ. ಆ ಮನೆಗೆ ಮೇಲಂತಸ್ತು ಕಟ್ಟಲು ಹಣ ಕಳಿಸಿದವನು ಅವನು. ಅದು ತಂದೆಗೆ ಕೊಟ್ಟ ಕೊಡುಗೆಯೋ, ಸಾಲವೋ, ತನ್ನ ಮನೆಗೆ ತಾನೇ ಹಾಕಿದ ಹಣವೋ? ಅವನೂ ಹೇಳಲಿಲ್ಲ, ಇವರೂ ಕೇಳಲಿಲ್ಲ. ಸಾಲದ ವ್ಯವಹಾರವನ್ನು ಬರೆದಿಡಿ ಎಂದು ಕುರ್‌ಆನಿನ ಅತಿ ದೀರ್ಘವಾದ ವಚನವೇ ಆಜ್ಞಾಪಿಸುತ್ತದೆ. ಮನೆಯವರ ನಡುವೆ ಬರವಣಿಗೆ ಯಾಕೆ ಎನ್ನುತ್ತೇವೆ. ಮನೆಯವರ ನಡುವೆಯೇ ಬೇಕು.

ತಂದೆಯಂದಿರೇ, ನಿಮಗೂ ಒಂದು ಮಾತು. ಎಲ್ಲವನ್ನೂ ಬರೆದುಕೊಟ್ಟು ಕೈಖಾಲಿ ಮಾಡಿಕೊಂಡ ಮೇಲೆ ಊಟಕ್ಕೆ ಕಾಯುವವರನ್ನು ನಾನು ಕಂಡಿದ್ದೇನೆ. ತಂದೆ ಮಗನಿಗೆ ಕೊಟ್ಟದ್ದನ್ನು, ಅದು ಮಗನ ಒಡೆತನದಲ್ಲೇ ಉಳಿದಿದ್ದರೆ, ಹಿಂಪಡೆಯಬಹುದೆಂದು ನಮ್ಮ ಮದ್‌ಹಬ್ ಹೇಳುತ್ತದೆ. ಹನಫಿಗಳಲ್ಲಿ ಹಾಗಿಲ್ಲ. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಂ ಕೂಡ ಒಂದು ದಾರಿ ತೆರೆದಿದೆ. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟು, ಮಗ ನೋಡಿಕೊಳ್ಳದಿದ್ದರೆ ಆ ಪತ್ರವನ್ನು ರದ್ದು ಮಾಡುವಂತೆ ನ್ಯಾಯಮಂಡಳಿಯ ಮುಂದೆ ಹೋಗಬಹುದು. ಆದರೆ ಆ ಷರತ್ತು ಪತ್ರದಲ್ಲಿ ಬರೆದಿದ್ದರೆ ಕೆಲಸ ಸುಲಭ. ಬರೆಯುವವನಿಗೆ ಹೇಳಿ ಬರೆಸಿ.

ಇನ್ನೊಂದು ಹದೀಸ್ ಇದೆ, ಉಮ್ಮು ಸಲಮಾ(ರ) ವರದಿ ಮಾಡಿದ್ದು. ಹಳೆಯದಾದ ಒಂದು ಮೀರಾಸಿನ ಬಗ್ಗೆ ಇಬ್ಬರು ಜಗಳವಾಡಿಕೊಂಡು ಪ್ರವಾದಿ(ಸ)ರ ಬಳಿ ಬಂದರು. ಇಬ್ಬರ ಬಳಿಯೂ ಪುರಾವೆಯಿಲ್ಲ, ಬರೀ ಮಾತು. ನಾನೊಬ್ಬ ಮನುಷ್ಯ, ಒಬ್ಬನು ಮಾತಿನಲ್ಲಿ ಜಾಣನಾಗಿದ್ದು ಕೇಳಿದ್ದನ್ನು ನಂಬಿ ಅವನ ಪರವಾಗಿ ತೀರ್ಪು ಕೊಟ್ಟುಬಿಟ್ಟೇನು, ಆದರೆ ತನ್ನ ಸಹೋದರನ ಹಕ್ಕಿನಿಂದ ಏನಾದರೂ ಸಿಕ್ಕರೆ ಅದನ್ನು ತೆಗೆದುಕೊಳ್ಳಬಾರದು, ಅದು ಬೆಂಕಿಯ ತುಂಡು ಎಂಬರ್ಥದಲ್ಲಿ ಹೇಳಿದರು. ಪ್ರವಾದಿ(ಸ)ರ ತೀರ್ಪೇ ಪರಹಕ್ಕನ್ನು ಹಲಾಲ್ ಮಾಡದಿದ್ದರೆ, ನಮ್ಮ ಛಾಪಾ ಕಾಗದ ಯಾವ ಲೆಕ್ಕ? ಆ ಇಬ್ಬರೂ ಅತ್ತರು. ನನ್ನ ಹಕ್ಕು ನಿನಗಿರಲಿ ಎಂದು ಇವನು, ನನ್ನದು ನಿನಗಿರಲಿ ಎಂದು ಅವನು. ಹಾಗಲ್ಲ, ಸರಿಯಾಗಿ ಹಂಚಿಕೊಳ್ಳಿ, ಚೀಟಿ ಎತ್ತಿ, ಆಮೇಲೆ ಒಬ್ಬರನ್ನೊಬ್ಬರು ಮನ್ನಿಸಿ ಎಂದು ಪ್ರವಾದಿ(ಸ)ರು ಕಲಿಸಿದರು. ಅಳುವಿನಲ್ಲೇ ಮುಗಿಸಲಿಲ್ಲ, ಹಂಚಿಕೆಯನ್ನೂ ಮಾಡಿಸಿದರು.

ನಾನು ಆ ಮೂವರು ಹೆಣ್ಣುಮಕ್ಕಳ ಮನೆಗೂ ಹೋಗಿ ಕ್ಷಮೆ ಕೇಳಿದೆ. ದೊಡ್ಡವಳು ಹೇಳಿದ್ದು ಇನ್ನೂ ಕಿವಿಯಲ್ಲಿದೆ. ಬಾಪ ನಮ್ಮನ್ನು ಕರೆದು, ಇವನಿಗೆ ಕೊಡುತ್ತಿದ್ದೇನೆ ಎಂದಿದ್ದರೆ ನಾವು ಇಲ್ಲ ಎನ್ನುತ್ತಿರಲಿಲ್ಲ ಉಸ್ತಾದ್, ನಮ್ಮನ್ನು ಲೆಕ್ಕಕ್ಕೇ ಹಿಡಿಯಲಿಲ್ಲವಲ್ಲ, ಅದೇ ಸಂಕಟ ಎಂದಳು. ಆ ಪತ್ರದಲ್ಲಿ ನನ್ನ ಸಹಿ ಇದೆ. ಅದನ್ನು ಅಳಿಸಲು ನನ್ನಿಂದಾಗುವುದಿಲ್ಲ. ಪತ್ರದ ದಿನ ನಾನು ಏನು ಕೇಳಿದೆ, ಏನು ಕೇಳಲಿಲ್ಲ ಎಂಬುದನ್ನು ಯಾರ ಮುಂದೆ ಬೇಕಾದರೂ ಬಂದು ಹೇಳುತ್ತೇನೆ ಎಂದು ಅಣ್ಣನಿಗೂ ತಿಳಿಸಿದ್ದೇನೆ. ಅವನು ಸಿಟ್ಟಾದ. ಕಳೆದ ತಿಂಗಳು ಸರ್ವೇಯರ್‌ನನ್ನು ಕರೆಸಿ ಜಾಗ ಅಳತೆ ಮಾಡಿಸಿದ್ದಾನೆಂದು ಕೇಳಿದೆ. ಯಾಕೆಂದು ಅವನು ಯಾರಿಗೂ ಹೇಳಿಲ್ಲ. ನೀವೆಲ್ಲ ಅವನಿಗಾಗಿ ದುಆ ಮಾಡಿ.

ನಮ್ಮ ಜಮಾಅತಿನವರಿಗೆ ಒಂದು ಸೂಚನೆ. ಇನ್ನು ಮುಂದೆ ಮಕ್ಕಳಲ್ಲಿ ಒಬ್ಬನಿಗೆ ಮಾಡುವ ದಾನಪತ್ರಕ್ಕೆ ಸಾಕ್ಷಿ ಹಾಕಲು ನನ್ನನ್ನು ಕರೆಯುವುದಾದರೆ, ಉಳಿದ ಮಕ್ಕಳೂ ಅಲ್ಲಿರಬೇಕು, ಹೆಣ್ಣುಮಕ್ಕಳು ಫೋನಿನಲ್ಲಾದರೂ ಇರಬೇಕು. ಆಗಲೇ ಪತ್ರ ಮಾಡಿ, ಮನಸ್ಸಿನಲ್ಲಿ ಕೊರೆಯುತ್ತಿರುವವರು ಭಾನುವಾರ ಅಸರ್ ನಮಾಝಿನ ನಂತರ ಜಮಾಅತ್ ಕಚೇರಿಗೆ ಬನ್ನಿ, ನಾನು ಮಗ್ರಿಬ್ ತನಕ ಇರುತ್ತೇನೆ. ರಾಜಿಯಾದರೆ ಅದನ್ನು ಲೋಕ ಅದಾಲತ್‌ನಲ್ಲಿ ದಾಖಲಿಸಬಹುದು, ಅದಕ್ಕೆ ಕೋರ್ಟ್ ಡಿಕ್ರಿಯ ಬಲ ಇದೆ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ತಾಲೂಕು ಕಾನೂನು ಸೇವೆಗಳ ಸಮಿತಿಯಲ್ಲಿ ವಕೀಲರ ನೆರವು ಉಚಿತ. ಬರುವಾಗ ಆರ್‌ಟಿಸಿ, ಪತ್ರದ ಪ್ರತಿ, ಮಕ್ಕಳೆಲ್ಲರ ಹೆಸರು ಬರೆದ ಒಂದು ಚೀಟಿ ತನ್ನಿ. ಎಲ್ಲರ ಹೆಸರೂ. ಮದುವೆಯಾಗಿ ದೂರ ಹೋದವರದ್ದು, ಮಾತು ಬಿಟ್ಟವರದ್ದು, ಉಮ್ಮನದ್ದು ಕೂಡ.